ಬೇಸಿಗೆಯಲ್ಲಿ ಕಾಳಿ ಹೊಳೆಗೆ ಕಯಾಕ್: ನಾಲ್ಕು ಜನ, ಒಂದು ಕಾರು, ಮೂರು ದೋಣಿ

ಬೆಂಗಳೂರು_ಹುಟ್ಟು:
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯ ವಾರ ನಾವು ನಾಲ್ಕು ಜನ ಗೆಳೆಯರು ಬೆಂಗಳೂರಿಂದ ಉತ್ತರ ಕನ್ನಡದ ಕಾಳಿ ಹೊಳೆ ದಡದ ಗಣೇಶಗುಡಿಗೆ ಕಾರಲ್ಲಿ ಹೊರಟಿದ್ದೇವೆ. ಮೂರು ಪ್ಲಾಸ್ಟಿಕ್ ಕಯಾಕ್ ಇವೆ, ಒಂದೊಂದೂ ಸುಮಾರು 20 ಕೆ.ಜಿ. ಇಬ್ಬರಿಗೆ ರೋಲ್, ಅಂದರೆ ಮಗುಚಿದ ದೋಣಿಯನ್ನ ಒಳಗೆ ಕೂತೇ ನೆಟ್ಟಗೆ ಮಾಡೋದು, ಬರುತ್ತೆ. ಮೂರನೆಯವನು ಕೆರೆಯಲ್ಲಷ್ಟೇ ಕಲಿತವನು. ನಾಲ್ಕನೆಯವನು ನೀರಿಗಿಳಿಯಲ್ಲ, ಗಾಡಿ ನೋಡ್ಕೋತಾನೆ. ಮೂರು ರಾತ್ರಿ ಅಲ್ಲೇ ಉಳಿದು ನಾವೇ ಅಡುಗೆ ಮಾಡ್ಕೊಳ್ಳೋ ಯೋಚನೆ. ಬೇಸಿಗೆಯಲ್ಲಿ ಕಾಳಿಯಲ್ಲಿ ನೀರು ಇರುತ್ತಾ? ದೋಣಿಗಳನ್ನ ಕಾರಿನ ಮೇಲೆ ಹೇಗೆ ಕಟ್ಟೋದು? ಹೊಳೆಯಲ್ಲಿ ಮುಖ್ಯವಾಗಿ ಯಾವುದಕ್ಕೆ ಹೆದರಬೇಕು? ಗೊತ್ತಿರೋರು ಬಿಡಿಸಿ ಹೇಳಿ.

ಹೊಳೆದಂಡೆ:
ನೀರು ಇರುತ್ತೆ, ಆದರೆ ನಿಮ್ಮ ಗಡಿಯಾರಕ್ಕೆ ಸರಿಯಾಗಿ ಅಲ್ಲ. ಸೀತಾನದಿ, ಕೊಡಗಿನ ಬರಪೊಳೆ ಎಲ್ಲ ಮಳೆಯನ್ನೇ ನಂಬಿದ ಹೊಳೆಗಳು, ಈ ತಿಂಗಳಲ್ಲಿ ಅಲ್ಲಿ ಬಂಡೆ ಎಣಿಸಬಹುದು ಅಷ್ಟೆ. ಕಾಳಿಯ ಕಥೆ ಬೇರೆ. ಮೇಲೆ ಸೂಪಾ ಅಣೆಕಟ್ಟು ಇದೆ, ಅದರ ಬುಡದ ವಿದ್ಯುದಾಗಾರದಲ್ಲಿ ತಲಾ 50 ಮೆಗಾವ್ಯಾಟ್‌ನ ಎರಡು ಯಂತ್ರಗಳಿವೆ. ಯಂತ್ರ ತಿರುಗಿದರೆ ಹೊಳೆ ತುಂಬುತ್ತೆ, ನಿಂತರೆ ಇಳಿಯುತ್ತೆ. ಬೇಸಿಗೆಯಲ್ಲಿ ಕರೆಂಟಿಗೆ ಬೇಡಿಕೆ ಹೆಚ್ಚಾದ್ದರಿಂದ ನೀರು ಬಿಡುವ ಸಂಭವವೂ ಹೆಚ್ಚು. ಆದರೂ ಯಾವ ದಿನ, ಎಷ್ಟು ಹೊತ್ತಿಗೆ ಅನ್ನೋದನ್ನ ಹಿಂದಿನ ಸಂಜೆಯೇ ಅಲ್ಲಿ ರಾಫ್ಟಿಂಗ್ ನಡೆಸುವವರ ಹತ್ತಿರ ಕೇಳಿಕೊಳ್ಳಿ. ಸ್ವಂತ ದೋಣಿ ಇಳಿಸೋಕೆ ಯಾರ ಒಪ್ಪಿಗೆ ಬೇಕು ಅನ್ನೋದನ್ನೂ ಅವರನ್ನ ಮತ್ತು ಅರಣ್ಯ ಇಲಾಖೆಯನ್ನ ಮೊದಲೇ ಕೇಳಿ. ರಾಫ್ಟ್‌ಗಳ ಬೆನ್ನಿಗೇ ಹೊರಟರೆ ಇನ್ನೂ ಒಳ್ಳೆಯದು, ಬಿದ್ದವರನ್ನ ಎತ್ತಿಕೊಳ್ಳೋಕೆ ದೊಡ್ಡ ದೋಣಿ ಹತ್ತಿರ ಇರುತ್ತೆ.

ಗಣೇಶಗುಡಿಯಿಂದ ಮೌಳಂಗಿ ಕಡೆಗೆ ಸುಮಾರು 9 ಕಿ.ಮೀ. ರಭಸ ಗ್ರೇಡ್ 2ರಿಂದ 3 (1 ಅತಿ ಸುಲಭ, 6 ಅತಿ ಕಷ್ಟ). ಅಲೆ ನೋಡಿದರೆ ಹೆದರುವಂಥದ್ದಿಲ್ಲ. ಹೆದರಬೇಕಾದ್ದು ಮರಗಳಿಗೆ. ಕಾಳಿ ಅಲ್ಲಲ್ಲಿ ಕವಲಾಗಿ ನಡುಗಡ್ಡೆಗಳ ಮಧ್ಯೆ ಹರಿಯುತ್ತೆ, ನೀರು ಬಿಟ್ಟಾಗ ದಡದ ಪೊದೆ, ಬಿದಿರು, ಮರದ ಕೊಂಬೆ ಎಲ್ಲ ಹರಿವಿನೊಳಗೇ ನಿಂತಿರುತ್ತವೆ. ಜರಡಿಯ ಹಾಗೆ ಅವುಗಳ ಮೂಲಕ ನೀರು ನುಸುಳುತ್ತೆ, ಮನುಷ್ಯ ನುಸುಳಲ್ಲ. ಸ್ಟ್ರೇನರ್ ಅನ್ನೋದು ಇದಕ್ಕೇ. ಆದ್ದರಿಂದ ಕಿರಿದಾದ ಕವಲು ಎಷ್ಟೇ ಚೆಂದ ಕಂಡರೂ ಅತ್ತ ತುದಿ ಕಾಣದಿದ್ದರೆ ಹೋಗಬೇಡಿ. ಅಗಲವಾದ ಹರಿವನ್ನೇ ಹಿಡಿಯಿರಿ, ತಿರುವಿನಲ್ಲಿ ಒಳಬದಿಗೆ ಇರಿ. ನೀರಿನ ಸೆಳೆತ ಹೊರದಡಕ್ಕೆ ತಳ್ಳುತ್ತೆ, ಮರಗಳು ಬಾಗಿರೋದೂ ಅಲ್ಲೇ.

ಬಂಡೆಗೆ ಅಡ್ಡಲಾಗಿ ಬಡಿಯೋ ಹಾಗಾದರೆ ಮೈ ತಾನಾಗಿ ಬಂಡೆಯಿಂದ ದೂರ ವಾಲುತ್ತೆ. ತಪ್ಪಾಗೋದು ಇಲ್ಲೇ. ಮೇಲಿನಿಂದ ಬರುವ ನೀರು ದೋಣಿಯ ತಗ್ಗಿದ ಅಂಚಿನ ಮೇಲೆ ಏರಿ, ಕ್ಷಣದಲ್ಲಿ ಮಗುಚುತ್ತೆ. ಬಂಡೆಯನ್ನ ತಬ್ಬಿಕೊಳ್ಳೋ ಹಾಗೆ ಅದರ ಕಡೆಗೇ ವಾಲಿ. ಎಡ್ಡಿಯಿಂದ, ಅಂದರೆ ಬಂಡೆಯ ಹಿಂದೆ ನೀರು ಹಿಮ್ಮುಖವಾಗಿ ತಿರುಗುವ ಜಾಗದಿಂದ, ಹರಿವಿಗೆ ಹೊರಡುವಾಗಲೂ ಇದೇ ಲೆಕ್ಕ: ದೋಣಿಯ ಮೂತಿ ಹರಿವು ಬರುವ ಕಡೆಗೆ ಓರೆಯಾಗಿರಲಿ, ಹರಿವು ತಗುಲಿದ ಕೂಡಲೇ ಅದು ಹೋಗುವ ದಿಕ್ಕಿಗೆ ವಾಲಿ, ಹರಿವು ಬರುವ ಬದಿಯ ಅಂಚು ಎತ್ತಿರಲಿ.

ಮೌಳಂಗಿ ದಾಟಿ ಕೆಳಗೆ ಹೋಗಬೇಡಿ. ದಾಂಡೇಲಿ ಊರಿನ ಹತ್ತಿರ ನಿಧಾನವಾಗುವ ನೀರಿನಲ್ಲಿ ಮೊಸಳೆಗಳಿವೆ.

ಧಾರವಾಡ_ದಾರಿ:
ಕಾರಿನ ಮ್ಯಾಲೆ ಕಟ್ಟೂದರ ಬಗ್ಗೆ ನಾ ಹೇಳ್ತೇನ್ರಿ. ಲಾರಿಗೆ ಹಾಕೂ, ಹಿಡಿಕಿ ಆಡಿಸಿ ಬಿಗಿ ಮಾಡೂ ರ‍್ಯಾಚೆಟ್ ಪಟ್ಟಿ ಬಿಲ್ಕುಲ್ ಬ್ಯಾಡ. ಏಪ್ರಿಲ್ ಬಿಸಲಾಗ ಪ್ಲಾಸ್ಟಿಕ್ ಮೆತ್ತಗಾಗತದ, ರ‍್ಯಾಚೆಟ್ ಎಳದ ಜಾಗಾದಾಗ ತಳ ತಗ್ಗು ಬೀಳತದ. ಹಂಗ ತಗ್ಗು ಬಿದ್ದ ದೋಣಿ ನೀರಾಗ ನೆಟ್ಟಗ ಹೋಗಂಗಿಲ್ಲ. 25 ಮಿ.ಮೀ. ಅಗಲದ, 4 ಮೀಟರ್ ಉದ್ದದ ಕ್ಯಾಮ್ ಬಕಲ್ ಪಟ್ಟಿ (ಕೈಲೆ ಎಳದ್ರ ಬಕಲ್ ಕಚ್ಚಿ ಹಿಡಿಯೂ ಪಟ್ಟಿ) ತಗೋರಿ, ಒಂದು ದೋಣಿಗೆ ಎರಡು. ಕೈಲೆ ಎಳದಷ್ಟ ಬಿಗಿ ಸಾಕು. ಛಾವಣಿ ಮ್ಯಾಲಿನ ರ‍್ಯಾಕಿನ ಅಡ್ಡಸರಳಿನ ಮ್ಯಾಲೆ ದಪ್ಪ ಫೋಮ್ ಹಾಕಿ ದೋಣಿ ಅಂಚಿನ ಮ್ಯಾಲೆ ನಿಲ್ಲಸ್ರಿ, ಒಂದಕ್ಕೊಂದು ಒತ್ತಿ ಮೂರೂ ಕೂಡತಾವ. ಹೊರಡೂಕಿಂತ ಮೊದಲ ಕಾರಿನ ಪುಸ್ತಕದಾಗ ಛಾವಣಿ ಎಷ್ಟು ಭಾರ ತಡಿತದ ನೋಡ್ರಿ. ಮೂರು ದೋಣಿ ಅಂದ್ರ 60 ಕೆ.ಜಿ., ಮ್ಯಾಲೆ ರ‍್ಯಾಕಿನ ತೂಕ ಬ್ಯಾರೆ.

ಪಟ್ಟಿನ ಅರ್ಧ ಸುತ್ತು ತಿರುವಿ ಕಟ್ರಿ, ಇಲ್ಲಂದ್ರ ಗಾಳಿಗೆ ಗುಂಯ್ ಅಂತ ದಾರಿ ತುಂಬ ಹಾಡತದ. ದೋಣಿ ಮುಂದಿನ ಹಿಡಿಕಿಯಿಂದ ಕಾರಿನ ಮುಂದಿನ ಟೋ ಹುಕ್ಕಿಗೆ (ಕೆಟ್ಟ ಗಾಡಿ ಎಳಿಯೂ ಕೊಕ್ಕಿಗೆ) ಒಂದು ಹಗ್ಗ ಇರಲೇಬೇಕು. ಹೆದ್ದಾರಿ ಗಾಳಿ ಮೂತಿನ ಮ್ಯಾಲೆ ಎತ್ತತದ. ಮೊದಲ 20 ಕಿ.ಮೀ. ಆದ ಮ್ಯಾಲೆ ನಿಂತು ಮತ್ತ ಬಿಗಿ ಮಾಡ್ರಿ, ಆಮ್ಯಾಲೆ ಪ್ರತಿ ಚಹಾಕ್ಕ ನಿಂತಾಗ ಒಮ್ಮೆ ಕೈ ಹಾಕಿ ನೋಡ್ರಿ. ದಾರಿ ಹುಬ್ಬಳ್ಳಿ, ಧಾರವಾಡ, ಹಳಿಯಾಳ, ದಾಂಡೇಲಿ.

ಊಟಕ್ಕ ಧಾರವಾಡದಾಗ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳ ಚಟ್ನಿಪುಡಿ ಕಟ್ಟಿಸಿಕೊಳ್ರಿ. ರೊಟ್ಟಿ ಕೆಡಂಗಿಲ್ಲ, ಒಲಿ ಹಚ್ಚೂ ಕೆಲಸಾನೂ ಇಲ್ಲ. ಬೆಳಿಗ್ಗೆ ಒಗ್ಗರಣಿ ಅವಲಕ್ಕಿ, ರಾತ್ರಿ ಅನ್ನ ಸಾರು. ಅನ್ನಕ್ಕ ತಲಿಗೆ 120 ಗ್ರಾಂ ಅಕ್ಕಿ ಹಿಡೀರಿ, ಹೊಳ್ಯಾಗ ದಣದ ಮಂದಿಗೆ 150 ಆದರೂ ಉಳಿಯಂಗಿಲ್ಲ. ಹಸಿ ಕೊಬ್ರಿ ಹಾಕಿದ ಚಿತ್ರಾನ್ನ ಡಬ್ಬಿ ಕಟ್ಟಬ್ಯಾಡ್ರಿ, ಮಧ್ಯಾಹ್ನದಾಗ ಹಳಸತದ.

ಬೆಂಗಳೂರು_ಹುಟ್ಟು:
ಇಬ್ಬರಿಗೂ ತುಂಬ ಥ್ಯಾಂಕ್ಸ್. ಹೊಳೆದಂಡೆ ಅವರೇ, ರೋಲ್ ಬರದವನು ಮಗುಚಿದರೆ ಏನು ಮಾಡಬೇಕು? ಗಾಡಿ ನೋಡ್ಕೊಳ್ಳೋನ ಕೈಲಿ ಥ್ರೋ ಬ್ಯಾಗ್ (ನೀರಿಗೆ ಬಿದ್ದವರಿಗೆ ಎಸೆಯೋ ಹಗ್ಗದ ಚೀಲ) ಕೊಟ್ಟು ದಡದಲ್ಲಿ ನಿಲ್ಲಿಸಬಹುದಾ? ಟೆಂಟ್ ಹೊಳೆ ಪಕ್ಕದಲ್ಲೇ ಹಾಕೋಣ ಅಂತಿದ್ದೇವೆ, ಸರಿನಾ?

ಹೊಳೆದಂಡೆ:
ಆ ಗೆಳೆಯನಿಗೆ ಮೊದಲು ನಿಂತ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರು ನಿಂತು, ಹತ್ತು ಸಲ ಮಗುಚಿಸಿ ಹೊರಗೆ ಬರೋದು ಕಲಿಸಿ. ಮೈ ಮುಂದಕ್ಕೆ ಬಗ್ಗಿಸಬೇಕು, ಸ್ಕರ್ಟಿನ (ದೋಣಿಯೊಳಗೆ ನೀರು ಬರದ ಹಾಗೆ ಸೊಂಟದ ಸುತ್ತ ಮುಚ್ಚೋ ಹೊದಿಕೆಯ) ಮುಂದಿನ ಕುಣಿಕೆಯನ್ನ ಮುಂದಕ್ಕೆ ಚಾಚಿ ಆಮೇಲೆ ಮೇಲೆಳೆಯಬೇಕು, ಸೊಂಟದ ಎರಡೂ ಕಡೆ ಅಂಚು ಹಿಡಿದು ಪ್ಯಾಂಟ್ ಕಳಚೋ ಹಾಗೆ ದೋಣಿಯನ್ನ ತಳ್ಳಬೇಕು. ಸ್ಕರ್ಟ್ ಹಾಕುವಾಗ ಆ ಕುಣಿಕೆ ಒಳಗೆ ಮಡಚಿಕೊಂಡಿದ್ದರೆ ನೀರಿನಡಿ ಕೈಗೆ ಸಿಗಲ್ಲ. ಹೊರಡುವ ಮುನ್ನ ಒಬ್ಬರದ್ದನ್ನ ಇನ್ನೊಬ್ಬರು ಮುಟ್ಟಿ ನೋಡಿ.

ಹೊರಬಂದ ಮೇಲೆ ನಿಲ್ಲೋಕೆ ಹೋಗಬಾರದು. ಬಂಡೆಗಳ ಸಂದಿಗೆ ಪಾದ ಸಿಕ್ಕರೆ ಹಿಂದಿನ ನೀರು ಮುಖ ಕವುಚಿ ಮುಳುಗಿಸುತ್ತೆ, ಸೊಂಟದಷ್ಟು ನೀರೇ ಸಾಕು. ಬೆನ್ನ ಮೇಲೆ ಮಲಗಿ, ಕಾಲು ಹರಿವಿನ ಮುಂದಕ್ಕೆ, ಪಾದ ನೀರಿನ ಮೇಲ್ಮೈಯಲ್ಲಿ. ಮುಂದೆ ಪೊದೆ ಕಂಡರೆ ಮಾತ್ರ ಹೊಟ್ಟೆ ಮೇಲೆ ತಿರುಗಿ ಜೋರಾಗಿ ಪಕ್ಕಕ್ಕೆ ಈಜಬೇಕು. ತಪ್ಪಿಸೋಕೆ ಆಗದಿದ್ದರೆ ತಲೆ ಮುಂದಾಗಿ ಈಜಿ ಬಂದು, ಕೊಂಬೆ ಹಿಡಿದು, ಮೈಯನ್ನ ಅದರ ಮೇಲಕ್ಕೆ ಎತ್ತಿಹಾಕಬೇಕು.

ಥ್ರೋ ಬ್ಯಾಗ್ ಕೊಡಿ, ಆದರೆ ಕಲಿಸಿ ಕೊಡಿ. ತೇಲುವ ಹಗ್ಗ, 15ರಿಂದ 20 ಮೀಟರ್. "ಹಗ್ಗ!" ಅಂತ ಕೂಗಿ, ಈಜುವವರು ತಿರುಗಿ ನೋಡಿದ ಮೇಲೆ ಅವರ ಮೇಲೆಯೇ ಬೀಳೋ ಹಾಗೆ ಎಸೆಯಬೇಕು. ಹಗ್ಗವನ್ನ ಕೈಗೆ ಸುತ್ತಿಕೊಳ್ಳಬಾರದು, ಎಸೆದವರೂ ಹಿಡಿದವರೂ. ಹಿಡಿದವರು ಹಗ್ಗವನ್ನ ಹೆಗಲ ಮೇಲೆ ತಂದು ಬೆನ್ನಾಗಿ ತೇಲಿದರೆ ಮುಖಕ್ಕೆ ನೀರು ನುಗ್ಗಲ್ಲ. ಎಸೆಯುವವರು ಸ್ವತಃ ಲೈಫ್ ಜಾಕೆಟ್ ಹಾಕಿರಲೇಬೇಕು.

ಮೂರೂ ದೋಣಿಯ ಹಿಂಭಾಗದಲ್ಲಿ ಗಾಳಿಚೀಲ ಇದೆಯಾ ನೋಡಿ. ಅದಿಲ್ಲದ ದೋಣಿಯೊಳಗೆ 200 ಲೀಟರ್ ನೀರು ತುಂಬಿದರೆ 200 ಕೆ.ಜಿ. ಭಾರ, ದಡಕ್ಕೆ ಎಳೆಯೋದು ದೂರದ ಮಾತು.

ಮಲೆನಾಡ_ಹುಡುಗಿ:
ಟೆಂಟ್ ಹೊಳೆ ಪಕ್ಕ ಬೇಡವೇ ಬೇಡ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಕಾಡೊಳಗೆ ನಮ್ಮಷ್ಟಕ್ಕೆ ಟೆಂಟ್ ಹಾಕಂಗಿಲ್ಲ, ಬೆಂಕಿ ಹಚ್ಚಂಗಿಲ್ಲ. ಅದಲ್ಲದೆ ರಾತ್ರಿ ಯಂತ್ರ ಶುರುವಾದರೆ ಒಣಗಿದ್ದ ಜಾಗಕ್ಕೂ ನೀರು ಬರುತ್ತೆ. ಮಧ್ಯಾಹ್ನ ನಡುಗಡ್ಡೆ ಮೇಲೆ ಬುತ್ತಿ ಬಿಚ್ಚೋರಿಗೂ ಇದೇ ಮಾತು. ಹೋಂಸ್ಟೇ ಅಂಗಳದಲ್ಲಿ ಟೆಂಟಿಗೆ ಜಾಗ ಕೊಡ್ತಾರಾ ಕೇಳಿ, ಗ್ಯಾಸ್ ಒಲೆಯಲ್ಲಿ ಅಡುಗೆ ಮಾಡಿ. ಸಿಲಿಂಡರನ್ನ ಬಿಸಿಲಲ್ಲಿ ನಿಂತ ಕಾರೊಳಗೆ ಬಿಡಬೇಡಿ.

ಯಾರೂ ಹೇಳದ ಒಂದು ವಿಷಯ ಉಣುಗು (ಉಣ್ಣೆ). ಉತ್ತರ ಕನ್ನಡ, ಶಿವಮೊಗ್ಗದ ಕಾಡುಗಳಲ್ಲಿ ಒಣ ತಿಂಗಳುಗಳೇ ಮಂಗನ ಕಾಯಿಲೆಯ ಕಾಲ, ಅದನ್ನ ಹರಡೋದು ಉಣುಗು. ಒಣಎಲೆ ಮೇಲೆ ಕೂರಬೇಡಿ, ಮಲಗಬೇಡಿ. ದೋಣಿ ಹೊತ್ತು ದಡಕ್ಕೆ ನಡೆಯುವಾಗ ಉದ್ದ ಪ್ಯಾಂಟ್ ಹಾಕಿ, ಅಂಚನ್ನ ಸಾಕ್ಸ್ ಒಳಗೆ ಸೇರಿಸಿ. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚೋ, ಉಣುಗು ಹತ್ತಿರ ಬರದ ಹಾಗೆ ಮಾಡೋ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರಲ್ಲಿ ಮಿಂದು ಕಂಕುಳು, ಮಂಡಿಯ ಹಿಂಭಾಗ ನೋಡ್ಕೊಳ್ಳಿ. ವಾಪಸ್ ಬಂದು ಒಂದೆರಡು ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನ ಡಾಕ್ಟರಿಗೆ ಮರೆಯದೆ ಹೇಳಿ.

ನೀರಿನ ಮೇಲಿದ್ದರೂ ಮೈ ಒಣಗುತ್ತೆ, ಸ್ಕರ್ಟ್ ಜಾಕೆಟ್ ಒಳಗೆ ಬೆವರು ಗೊತ್ತಾಗಲ್ಲ. ತಲೆಗೆ ದಿನಕ್ಕೆ 4 ಲೀಟರ್ ಕುಡಿಯೋ ನೀರು ಲೆಕ್ಕ ಹಾಕಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಅದಕ್ಕಿಂತ ಹೆಚ್ಚಾಗಬಾರದು.

ಧಾರವಾಡ_ದಾರಿ:
ಒಂದ ಮಾತು ಬಿಟ್ಟಿತ್ತು. ಕಾರಿನ ಕೀ ದೋಣ್ಯಾಗ ಇಟ್ಟುಕೊಂಡು ಹೋಗಬ್ಯಾಡ್ರಿ. ಈಗಿನ ರಿಮೋಟ್ ಕೀ ಒಳಗ ನೀರು ಹೋತಂದ್ರ ಕಾರು ಮೌಳಂಗಿಯೊಳಗ ನಿಂತೇ ಬಿಡತದ. ನಿಮ್ಮ ನಾಲ್ಕನೆಯವರ ಕಡೆನ ಇರಲಿ, ಅವರು ಮೊದಲ ಕೆಳಗ ಹೋಗಿ ಹಗ್ಗ ಹಿಡಕೊಂಡು ನಿಂತಿರಲಿ.