ಎರಡರ್ಥದ ಸುಳಿವು ಬಿಡಿಸುವುದು ಹೇಗೆ? ಪದಬಂಧದವರ ಅನುಭವ ಬೇಕು

ಪ್ರಶ್ನೆ:
ಸಾಮಾನ್ಯ ಪದಬಂಧ ದಿನಾ ಬಿಡಿಸುತ್ತೇನೆ, ತೊಂದರೆ ಇಲ್ಲ. ಆದರೆ ಒಂದೇ ಪದಕ್ಕೆ ಎರಡು ಅರ್ಥ ಇಟ್ಟು ಕೊಡುವ ಸುಳಿವು ಬಂದರೆ ಅಲ್ಲೇ ನಿಂತುಬಿಡುತ್ತೇನೆ. ನಿನ್ನೆಯದು ‘ರಾಜನನ್ನು ಹುಡುಕು’, ಮೂರು ಅಕ್ಷರ. ನೃಪತಿ, ಭೂಪತಿ ಎಲ್ಲ ಹಾಕಿ ನೋಡಿದೆ, ಕೂರಲಿಲ್ಲ. ಮೇಲಿನಿಂದ ಕೆಳಗೆ ಬರುವ ಪದದಿಂದ ಕೊನೆಯ ಮನೆಗೆ ‘ಸು’ ಸಿಕ್ಕಿದೆ. ನೀವೆಲ್ಲ ಇಂಥದ್ದನ್ನು ಹೇಗೆ ಯೋಚಿಸ್ತೀರಿ?

ಒಬ್ಬರು:
ಅದು ‘ಅರಸು’. ಅರಸು ಅಂದರೆ ರಾಜ, ಅರಸು ಅಂದರೆ ಹುಡುಕು. ನಿಮ್ಮನ್ನು ದಾರಿ ತಪ್ಪಿಸಿದ್ದು ಆ ‘ನನ್ನು’. ಅದು ಎರಡು ಪದಗಳನ್ನು ಹೊಲಿದು ಒಂದು ವಾಕ್ಯ ಮಾಡಿಬಿಟ್ಟಿದೆ, ಅದಕ್ಕೇ ನೀವು ಯಾವ ರಾಜ ಅಂತ ಹುಡುಕುತ್ತಾ ಹೋದಿರಿ. ಇಂಥ ಸುಳಿವನ್ನು ವಾಕ್ಯ ಅಂತ ಓದಲೇಬೇಡಿ. ಮಧ್ಯೆ ಒಂದು ಗೆರೆ ಎಳೆಯಿರಿ: ರಾಜ | ಹುಡುಕು. ಎರಡೂ ಕಡೆಗೆ ಬೇರೆ ಬೇರೆ ಪದಗಳನ್ನು ಬರೆಯುತ್ತಾ ಹೋಗಿ, ಎರಡು ಪಟ್ಟಿಯಲ್ಲೂ ಇರುವುದು ಯಾವುದು ಅಂತ ನೋಡಿ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇನ್ನೊಂದಿದೆ. ಕನ್ನಡದಲ್ಲಿ ‘ಮಾಡು’ ‘ನೋಡು’ ಥರ ಆಜ್ಞೆಯ ರೂಪ ಇದೆಯಲ್ಲ, ಅದು ಎಷ್ಟೋ ಸಲ ಒಂದು ವಸ್ತುವಿನ ಹೆಸರೂ ಆಗಿರುತ್ತದೆ. ಕಾಡು, ಆಡು, ಎತ್ತು ನೋಡಿ. ‘ಹುಲಿ ಇರುವಲ್ಲಿ ಪೀಡಿಸು’ ಅಂದರೆ ಕಾಡು. ಸಂಖ್ಯೆಗಳಲ್ಲೂ ಇದೇ ಕಥೆ. ‘ಒಂಬತ್ತರ ನಂತರ ಮೇಲಕ್ಕೆ ಹೋಗು’ ಅಂದರೆ ಹತ್ತು, ‘ಆರಾದ ಮೇಲೆ ಹಾಸಿಗೆ ಬಿಡು’ ಅಂದರೆ ಏಳು. ಸುಳಿವಿನ ಕೊನೆಯಲ್ಲಿ ಯಾರಿಗೋ ಏನೋ ಮಾಡು ಅಂತ ಹೇಳಿದ್ದರೆ ನಾನು ಮೊದಲು ಇದನ್ನೇ ಅನುಮಾನಿಸುತ್ತೇನೆ.

ಇನ್ನೊಬ್ಬರು:
ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ, ಆಜ್ಞೆ ಮಾತ್ರ ಅಲ್ಲ, ‘ನಾನು’ ಬರುವ ರೂಪಗಳನ್ನೂ ಮರೆಯಬೇಡಿ. ‘ಮಳೆಯಲ್ಲಿ ಬೇಕಾದರೂ ನೀಡಲಾರೆ’, ಎರಡು ಅಕ್ಷರ. ಕೊಡೆ! ಇದಕ್ಕೆ ನಾನು ಒಂದು ಇಡೀ ಸಂಜೆ ಕೂತಿದ್ದೆ, ಸಿಕ್ಕಾಗ ಆದ ಖುಷಿ ಇವತ್ತಿಗೂ ನೆನಪಿದೆ. ‘ಕಣ್ಣೀರಿಟ್ಟೆ, ಗಂಡನ ಅಮ್ಮ’ ಅಂದರೆ ಅತ್ತೆ.

ನಮ್ಮ ಪದಬಂಧದಲ್ಲಿ ಒಂದು ಅನುಕೂಲ ಇದೆ, ಅದನ್ನು ಪೂರ್ತಿ ಬಳಸಿ. ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಕಾಗುಣಿತ ಒತ್ತು ಎಲ್ಲ ಸೇರಿ. ಅಂದರೆ ಅಡ್ಡ ಬರುವ ಪದದಿಂದ ನಿಮಗೆ ಬರೀ ‘ತ’ ಸಿಗುವುದಿಲ್ಲ, ‘ತ್ತು’ ಅಂತಲೇ ಸಿಗುತ್ತದೆ. ಎರಡು ಮನೆಯ ಪದ, ಕೊನೆಗೆ ‘ತ್ತು’ ಅಂದರೆ ನೋಡಿ ಎಷ್ಟು ಸುಲಭ: ಮುತ್ತು, ಹೊತ್ತು, ಎತ್ತು, ಬಿತ್ತು, ಸುತ್ತು. ಪ್ರತಿಯೊಂದಕ್ಕೂ ಎರಡು ಅರ್ಥ ಇದೆ ಅಲ್ವಾ? ಬಿತ್ತು ಅಂದರೆ ಬೀಜ ಹಾಕು, ಕೆಳಗೆ ಬಿದ್ದಿತು ಅಂತಲೂ ಹೌದು.

ಮತ್ತೊಬ್ಬರು:
ನಾನು ನಿಘಂಟು ಓದುವವನು, ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ. ಇಂಥ ಜೋಡಿಗಳು ಸುಮ್ನೆ ಹುಟ್ಟಿದ್ದಲ್ಲ. ಕೆಲವು ಕಡೆ ಕನ್ನಡದ ಪದಕ್ಕೆ ಸಂಸ್ಕೃತದ ಪದ ಬಂದು ಡಿಕ್ಕಿ ಹೊಡೆದಿದೆ. ಕರಿ ಅಂದರೆ ಕಪ್ಪು ನಮ್ಮದು, ಆನೆ ಅನ್ನುವ ಅರ್ಥ ಸಂಸ್ಕೃತದ್ದು. ಹರಿ ಕೂಡ ಹಾಗೆ, ನೀರು ಹರಿಯುವುದು ನಮ್ಮದು, ದೇವರು ಆ ಕಡೆಯವನು. ಇನ್ನು ಕೆಲವು ಹಳಗನ್ನಡದಲ್ಲಿ ಬೇರೆ ಬೇರೆ ಅಕ್ಷರದ ಪದಗಳಾಗಿದ್ದವು. ಱ ಮತ್ತು ೞ ಬಳಕೆಯಿಂದ ಹೋದ ಮೇಲೆ ಒಂದೇ ಥರ ಆದವು. ತಿಳಿ ಅನ್ನುವ ‘ಅಱಿ’ ಈಗ ‘ಅರಿ’ ಆಗಿ, ಶತ್ರು ಅನ್ನುವ ‘ಅರಿ’ಯ ಜೊತೆ ಕೂತಿದೆ.

1894ರ ಕಿಟೆಲ್ ನಿಘಂಟು ಸಿಕ್ಕಿದರೆ ದಿನಕ್ಕೆ ಒಂದು ಪುಟ ತಿರುವಿ. ಒಂದೇ ಕಾಗುಣಿತದ ಬೇರೆ ಬೇರೆ ಪದಗಳಿಗೆ ಅಲ್ಲಿ 1, 2 ಅಂತ ಅಂಕಿ ಹಾಕಿ ಬೇರೆ ಬೇರೆಯಾಗಿ ಕೊಟ್ಟಿದ್ದಾರೆ. ಅಂಕಿ ಕಂಡ ಕಡೆಯೆಲ್ಲ ನಿಮಗೊಂದು ಸುಳಿವು ಕಾದಿದೆ ಅಂತಲೇ ತಿಳಿಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅರಸು ಹಾಕಿದ ಕೂಡಲೇ ಆ ಮೂಲೆ ಪೂರ್ತಿ ಬಿಚ್ಚಿಕೊಂಡಿತು. ಈಗ ಒಂದೇ ಉಳಿದಿದೆ: ‘ಖಡ್ಗ ಹಿಡಿದು ಬದುಕು’, ಎರಡು ಅಕ್ಷರ, ಮೊದಲನೆಯದು ‘ಬಾ’. ಖಡ್ಗ ಅಂತ ಒಂದು ಕಡೆ, ಬದುಕು ಅಂತ ಇನ್ನೊಂದು ಕಡೆ ಬರೆದುಕೊಂಡೆ. ಬಾಳು ಅಲ್ವಾ?