ಪಿಎಚ್‌ಪಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸೆಟ್ (ಒಂದೇ ಅಂಶ ಎರಡು ಸಲ ಇರದ ಗುಂಪು) ಮಾಡೋದು ಹೇಗೆ? ಅನುಭವ ಇದ್ದವರು ಹೇಳಿ

ಬಾಗಲಕೋಟೆಯಿಂದ ಪ್ರಶ್ನೆ: ಇಳಕಲ್ ಸೀರೆ ಅಂಗಡಿಯೊಂದಕ್ಕೆ ಸ್ಟಾಕ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸೀರೆಗೆ ಕೊಟ್ಟ ಒಂದೇ ಕೋಡ್ ಎರಡು ಸಲ ಸೇರಬಾರದು. ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ, ಆ ಕೋಡ್ ಆಗಲೇ ಇದೆಯಾ ಎಂದು ಪ್ರತಿ ಸಲ ಇನ್_ಅರೇ ಫಂಕ್ಷನ್ ಹಾಕಿ ನೋಡುತ್ತೇನೆ. ಕೋಡ್‌ಗಳು 20,000 ಆದ ಮೇಲೆ ಬಹಳ ನಿಧಾನ. ಪಿಎಚ್‌ಪಿಯಲ್ಲಿ ಸೆಟ್ ಅಂತಲೇ ಇಲ್ವಾ?

ವಿಜಯಪುರದಿಂದ: ಭಾಷೆಯಲ್ಲೇ ಕೊಟ್ಟಿರುವ ಸೆಟ್ ಇಲ್ಲ ರೀ. ಆದರೆ ಅರೇಯ ಕೀಗಳಿಂದಲೇ (ಪ್ರತಿ ವ್ಯಾಲ್ಯೂ ಗುರುತಿಸುವ ಹೆಸರು ಅಥವಾ ನಂಬರ್) ಆ ಕೆಲಸ ಆಗುತ್ತದೆ. ಅರೇ ಒಳಗಿರುವುದು ಹ್ಯಾಶ್ ಟೇಬಲ್ (ಕೀ ಕೊಟ್ಟರೆ ಹುಡುಕದೆ ನೇರ ಅದರ ಜಾಗಕ್ಕೆ ಹೋಗುವ ವ್ಯವಸ್ಥೆ), ಒಂದೇ ಕೀ ಎರಡು ಸಲ ಇರಲಾರದು. ಸೀರೆಯ ಕೋಡನ್ನು ಕೀ ಮಾಡಿ, ವ್ಯಾಲ್ಯೂ ಜಾಗದಲ್ಲಿ ಟ್ರೂ ಇಡಿ. ಇದೆಯಾ ಎಂದು ನೋಡಲು ಇಸ್‌ಸೆಟ್, ತೆಗೆಯಲು ಅನ್‌ಸೆಟ್. ಇನ್_ಅರೇ ಮೊದಲಿನಿಂದ ಒಂದೊಂದನ್ನೇ ಹೋಲಿಸುತ್ತಾ ಹೋಗುತ್ತದೆ. 20,000 ಕೋಡ್ ಸೇರಿಸುವಷ್ಟರಲ್ಲಿ ಸುಮಾರು 20 ಕೋಟಿ ಹೋಲಿಕೆ ಆಗಿರುತ್ತದೆ, ನಿಧಾನ ಆಗದೆ ಇನ್ನೇನು?

ನಾನು ಒಣದ್ರಾಕ್ಷಿ ಲಾಟ್‌ಗಳಿಗೆ ಇದನ್ನೇ ಬಳಸಿದೆ. ಮೊದಲು ಟ್ರೂ ಬದಲು ನಲ್ (ಏನೂ ಇಲ್ಲ ಎಂಬ ವ್ಯಾಲ್ಯೂ) ಇಟ್ಟಿದ್ದೆ. ನಲ್ ಇದ್ದರೆ ಇಸ್‌ಸೆಟ್ "ಇಲ್ಲ" ಅನ್ನುತ್ತದೆ. ಒಂದೇ ಲಾಟ್‌ಗೆ ಎರಡೆರಡು ಚೀಟಿ ಪ್ರಿಂಟ್ ಆದವು. ಕಾರಣ ಹುಡುಕಲು ಒಂದು ದಿನ ಹೋಯಿತು.

ಇನ್ನೊಂದು ಮಾತು. ಇನ್_ಅರೇಗೆ ಮೂರನೆಯದಾಗಿ ಟ್ರೂ ಕೊಡದಿದ್ದರೆ ಅದು ಸಡಿಲವಾಗಿ ಹೋಲಿಸುತ್ತದೆ. ಒಂದು, ಆಮೇಲೆ ಇಂಗ್ಲಿಷಿನ ಇ ಅಕ್ಷರ, ಆಮೇಲೆ ಮೂರು ಎಂಬ ಕೋಡ್ ಇದ್ದರೆ ಅದನ್ನು ಒಂದರ ಮುಂದೆ ಮೂರು ಸೊನ್ನೆ ಎಂದು ಓದಿ, ಅದೂ 1000 ಎಂಬ ಕೋಡೂ ಒಂದೇ ಅನ್ನುತ್ತದೆ. ಪಿಎಚ್‌ಪಿ 8ರಲ್ಲೂ ಹಾಗೇ. ನಿಮ್ಮ ಕೋಡ್‌ಗಳನ್ನು ಒಮ್ಮೆ ನೋಡಿಕೊಳ್ಳಿ.

ಬೆಳಗಾವಿಯಿಂದ: ವಿಜಯಪುರದ ಅಣ್ಣಾರು ಹೇಳಿದ್ದು ಸರಿ, ಆದರೆ ಕೀ ವಿಷಯದಲ್ಲಿ ನನಗೆ ಪೆಟ್ಟು ಬಿದ್ದಿದೆ. ಕಬ್ಬು ಬೆಳೆಗಾರರ ಮೊಬೈಲ್ ನಂಬರ್‌ಗಳನ್ನು ಕೀ ಮಾಡಿದ್ದೆ. ಬರೀ ಅಂಕಿ ಇರುವ ಸ್ಟ್ರಿಂಗ್ (ಅಕ್ಷರ ಸಾಲು) ಕೀಯನ್ನು ಪಿಎಚ್‌ಪಿ ತಾನೇ ಇಂಟೀಜರ್ (ಪೂರ್ಣಾಂಕ) ಮಾಡಿಬಿಡುತ್ತದೆ. 64 ಬಿಟ್ ಸರ್ವರ್‌ನಲ್ಲಿ ಹತ್ತು ಅಂಕಿಯ ನಂಬರೂ ಹಾಗೇ ಆಗುತ್ತದೆ. ಅರೇಯನ್ನು ಒಂದೊಂದಾಗಿ ಓದುವ ಫೋರ್‌ಈಚ್‌ನಲ್ಲಿ ಹೊರಬಂದ ನಂಬರನ್ನು ಸ್ಟ್ರಿಂಗ್ ಬೇಡುವ ಫಂಕ್ಷನ್‌ಗೆ ಕೊಟ್ಟೆ. ಸ್ಟ್ರಿಕ್ಟ್ ಟೈಪ್ಸ್ (ಟೈಪ್ ತಾನೇ ಬದಲಿಸದಂತೆ ತಡೆಯುವ ಸೆಟ್ಟಿಂಗ್) ಹಾಕಿದ್ದರಿಂದ ಟೈಪ್ ಎರರ್ ಬಂತು. ಮುಂದೆ ಸೊನ್ನೆ ಇರುವ 08 ಮಾತ್ರ ಸ್ಟ್ರಿಂಗ್ ಆಗಿಯೇ ಉಳಿಯುತ್ತದೆ. ಹೊರತೆಗೆಯುವಾಗ ಮತ್ತೆ ಸ್ಟ್ರಿಂಗ್ ಮಾಡಿಕೊಳ್ಳಿ. ನಾನು ಇದೆಲ್ಲವನ್ನೂ ಒಂದು ಸಣ್ಣ ಕ್ಲಾಸ್ ಒಳಗೆ ಹಾಕಿಟ್ಟೆ, ಆಮೇಲೆ ತೊಂದರೆ ಆಗಿಲ್ಲ.

ಕೋಡ್ ಬದಲು ಆಬ್ಜೆಕ್ಟ್‌ಗಳ ಸೆಟ್ ಬೇಕಾದರೆ ಎಸ್‌ಪಿಎಲ್ ಆಬ್ಜೆಕ್ಟ್ ಸ್ಟೋರೇಜ್ ಎಂಬ ಕ್ಲಾಸ್ ಪಿಎಚ್‌ಪಿ ಜೊತೆಗೇ ಬರುತ್ತದೆ.

ಮತ್ತೆ ಬಾಗಲಕೋಟೆಯಿಂದ: ಇಸ್‌ಸೆಟ್‌ಗೆ ಬದಲಿಸಿದೆ, ಈಗ ಎಂಟರ್ ಒತ್ತಿದ ಕೂಡಲೇ ಆಗುತ್ತದೆ. ಬಹಳ ಉಪಕಾರ ಆಯಿತು. ಎರಡು ಅಂಗಡಿಯ ಸೆಟ್ ಕೂಡಿಸಲು ಅರೇ_ಮರ್ಜ್ ಫಂಕ್ಷನ್ ಸಾಕಲ್ವಾ?

ಬೆಳಗಾವಿಯಿಂದ: ಬೇಡ ರೀ! ಅದು ಇಂಟೀಜರ್ ಕೀಗಳಿಗೆ ಸೊನ್ನೆಯಿಂದ ಹೊಸ ನಂಬರ್ ಹಾಕುತ್ತದೆ, ನಿಮ್ಮ ಕೋಡ್‌ಗಳೇ ಹೋಗಿಬಿಡುತ್ತವೆ. ಎರಡು ಅರೇಗಳ ನಡುವೆ ಪ್ಲಸ್ ಚಿಹ್ನೆ ಹಾಕಿ. ಎರಡೂ ಕಡೆ ಇರುವ ಕೋಡ್‌ಗೆ ಅರೇ_ಇಂಟರ್‌ಸೆಕ್ಟ್_ಕೀ, ಒಂದು ಕಡೆ ಮಾತ್ರ ಇರುವುದಕ್ಕೆ ಅರೇ_ಡಿಫ್_ಕೀ.