ಲುಬ್ಧಕದಷ್ಟೇ ಹತ್ತಿರ, ಆದರೂ ಕಣ್ಣಿಗೆ ಕಾಣದ ಜೋಡಿ: ಯುವಿ ಸೀಟಿಯನ್ನು 8 ಇಂಚಿನ ಟೆಲಿಸ್ಕೋಪಿನಲ್ಲಿ ನೋಡಿದವರಿದ್ದೀರಾ?

ತೋಟದಾಕಾಶ:

ಎಲ್ಲರಿಗೂ ನಮಸ್ಕಾರ. ಹಿರಿಯೂರಿನ ಹತ್ತಿರ ನಮ್ಮ ತೋಟವಿದೆ, ಅಲ್ಲಿ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಇಟ್ಟುಕೊಂಡಿದ್ದೇನೆ. ರಾತ್ರಿ ಚೆನ್ನಾಗಿ ಕತ್ತಲಿರುತ್ತದೆ. ಮಗಳು ಎಂಟನೇ ಕ್ಲಾಸು. ಅವಳ ಪ್ರಾಜೆಕ್ಟಿಗೆ ಅಂತ ನಮಗೆ ಹತ್ತಿರ ಇರುವ ನಕ್ಷತ್ರಗಳ ಪಟ್ಟಿ ಬರೆಯುತ್ತಾ ಕೂತಿದ್ದೆವು. ಲುಬ್ಧಕ (ಸಿರಿಯಸ್) 8.6 ಜ್ಯೋತಿರ್ವರ್ಷ ಅಂತ ಬರೆದಳು. ಅದರ ಕೆಳಗಿನ ಸಾಲಿನಲ್ಲೇ ಲೂಯ್ಟನ್ 726-8 ಅನ್ನೋ ಜೋಡಿ, 8.7 ಜ್ಯೋತಿರ್ವರ್ಷ. ಎರಡೂ ಕೆಂಪು ಕುಬ್ಜಗಳು, ಅಂದ್ರೆ ತಂಪಾದ, ಮಂಕಾದ ಪುಟ್ಟ ನಕ್ಷತ್ರಗಳು, ಅದರಲ್ಲಿ ಒಂದರ ಹೆಸರು ಯುವಿ ಸೀಟಿ.

"ಅಪ್ಪಾ, ಎರಡೂ ಒಂದೇ ದೂರದಲ್ಲಿದ್ದರೆ ಲುಬ್ಧಕ ಮಾತ್ರ ಯಾಕೆ ಅಷ್ಟು ಹೊಳೆಯುತ್ತೆ, ಇದು ಎಲ್ಲಿ ಹೋಯ್ತು?" ಅಂತ ಕೇಳಿದಳು. ಚಿಕ್ಕ ನಕ್ಷತ್ರ ಕಣಮ್ಮ ಅಂದೆ. ಆದರೆ ಅಷ್ಟು ಹೇಳಿದರೆ ಅವಳಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಅದೂ ಅಲ್ಲದೆ ಈ ನಕ್ಷತ್ರ ಇದ್ದಕ್ಕಿದ್ದಂತೆ ಹಲವು ಪಟ್ಟು ಬೆಳಗಿ ಕೆಲವೇ ನಿಮಿಷದಲ್ಲಿ ತಣ್ಣಗಾಗುತ್ತೆ ಅಂತ ಓದಿದೆ. ಅದನ್ನು ನಮ್ಮ ಟೆಲಿಸ್ಕೋಪಿನಲ್ಲಿ ನೋಡೋಕೆ ಆಗುತ್ತಾ? ಎಲ್ಲಿ ಹುಡುಕಬೇಕು? ನೋಡಿದವರು ದಯವಿಟ್ಟು ಹೇಳಿ.

ಬೆಳ್ಳಿಚುಕ್ಕಿ:

ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ ಸರ್. ನಾನು ಫಿಸಿಕ್ಸ್ ಪಾಠ ಮಾಡುವವಳು, ಆದ್ದರಿಂದ ಮೊದಲು ಆ ಭಾಗ ಹೇಳಿಬಿಡುತ್ತೇನೆ.

ಈ ಜೋಡಿಯ ಒಂದೊಂದು ನಕ್ಷತ್ರದ ತೂಕ ಸೂರ್ಯನ ತೂಕದ ನೂರಕ್ಕೆ ಹನ್ನೆರಡರಷ್ಟು ಮಾತ್ರ. ಅಗಲವಂತೂ ನಮ್ಮ ಗುರು ಗ್ರಹದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಅಷ್ಟರೊಳಗೆ ನೂರಿಪ್ಪತ್ತು ಗುರು ಗ್ರಹಗಳ ತೂಕ ತುಂಬಿಕೊಂಡಿದೆ ನೋಡಿ, ಅದಕ್ಕೇ ಅದು ಗ್ರಹವಾಗದೆ ನಕ್ಷತ್ರವಾಗಿದೆ. ಮೈ ತಂಪು, ಕೊಡುವ ಬೆಳಕಿನ ಬಹುಪಾಲು ನಮ್ಮ ಕಣ್ಣಿಗೆ ಕಾಣದ ಅವಕೆಂಪಿನಲ್ಲಿ ಹೋಗಿಬಿಡುತ್ತದೆ. ಎರಡೂ ಸೇರಿ ನಮಗೆ ಕಾಣುವುದು ಸುಮಾರು 12ನೇ ಕಾಂತಿಮಾನ (ಇದು ಹೊಳಪಿನ ಅಳತೆ, ಅಂಕಿ ಚಿಕ್ಕದಾದಷ್ಟೂ ಹೊಳಪು ಜಾಸ್ತಿ). ಲುಬ್ಧಕದ್ದು ಮೈನಸ್ 1.46. ಲೆಕ್ಕ ಹಾಕಿದರೆ ಎರಡು ಲಕ್ಷ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ದೂರ ಒಂದೇ, ಬೆಳಕು ಮಾತ್ರ ಹೀಗೆ! ಮಗಳ ಕೈಯಲ್ಲೇ ಈ ಲೆಕ್ಕ ಮಾಡಿಸಿ, ಮರೆಯುವುದಿಲ್ಲ.

ಇನ್ನೊಂದು ಮಾತು. ನಮ್ಮ ಸುತ್ತಮುತ್ತ ಇರುವ ನಕ್ಷತ್ರಗಳಲ್ಲಿ ಬಹುಪಾಲು ಇಂಥವೇ. ಪ್ರಾಕ್ಸಿಮಾ, ಬರ್ನಾರ್ಡ್ ನಕ್ಷತ್ರ, ವುಲ್ಫ್ 359, ಇವೆಲ್ಲ ಕೆಂಪು ಕುಬ್ಜಗಳು, ಒಂದೂ ಬರಿಗಣ್ಣಿಗೆ ಕಾಣುವುದಿಲ್ಲ. ಅಂಗಳದಲ್ಲಿ ನಿಂತು ನಾವು ನೋಡುವ ಆಕಾಶದಲ್ಲಿ ಅಕ್ಕಪಕ್ಕದ ಮನೆಯವರಲ್ಲಿ ಹೆಚ್ಚಿನವರು ಇಲ್ಲವೇ ಇಲ್ಲ, ಬಹುಪಾಲು ದೂರದ ಊರಿನ ಪೆಟ್ರೋಮ್ಯಾಕ್ಸ್‌ಗಳೇ ಕಾಣುತ್ತಿವೆ.

ರಾತ್ರಿಪಾಳಿ:

ನೋಡಿದ್ದೇನೆ. ಎರಡು ಚಳಿಗಾಲ ಇದರ ಹಿಂದೆ ಬಿದ್ದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹುಡುಕುವುದು ಕಷ್ಟವಿಲ್ಲ. ಡಿಸೆಂಬರ್ ನಡುವೆ ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ. ತಿಮಿಂಗಿಲ ಪುಂಜ, ಅಂದ್ರೆ ಸೀಟಸ್, ಅರ್ಧಕ್ಕಿಂತ ಮೇಲೆ ಇರುತ್ತದೆ. ಅದರಲ್ಲಿ ಟೌ ಸೀಟಿ ಬರಿಗಣ್ಣಿಗೇ ಸಿಗುತ್ತದೆ, 3.5ನೇ ಕಾಂತಿಮಾನ. ಅಲ್ಲಿಂದ ಸುಮಾರು ಎರಡು ಡಿಗ್ರಿ ಕೆಳಗೆ, ಸ್ವಲ್ಪ ಪಶ್ಚಿಮಕ್ಕೆ ಸರಿಯಿರಿ. ಕೈ ನೀಟಾಗಿ ಚಾಚಿ ಹೆಬ್ಬೆರಳು ಹಿಡಿದರೆ ಅದರ ಅಗಲದಷ್ಟು ದೂರ. ಅಲ್ಲಿಂದ ಮುಂದೆ ನಕ್ಷೆ ಬೇಕೇ ಬೇಕು. ಎಎವಿಎಸ್‌ಒದವರ (ಹೊಳಪು ಬದಲಿಸುವ ನಕ್ಷತ್ರಗಳನ್ನು ಗಮನಿಸುವವರ ಅಮೆರಿಕದ ಸಂಘ) ಜಾಲತಾಣದಲ್ಲಿ ಯುವಿ ಸೀಟಿ ಅಂತ ಹಾಕಿದರೆ ಸುತ್ತಲಿನ ನಕ್ಷತ್ರಗಳ ಕಾಂತಿಮಾನ ಬರೆದ ನಕ್ಷೆ ಬರುತ್ತದೆ, ಪ್ರಿಂಟ್ ತೆಗೆದುಕೊಳ್ಳಿ.

ಹಳೆಯ ಪುಸ್ತಕದ ನಕ್ಷೆ ಮಾತ್ರ ನಂಬಬೇಡಿ. ಈ ನಕ್ಷತ್ರ ನಿಂತಲ್ಲಿ ನಿಲ್ಲುವುದಿಲ್ಲ, ವರ್ಷಕ್ಕೆ 3.4 ಆರ್ಕ್‌ಸೆಕೆಂಡ್ ಸರಿಯುತ್ತದೆ. ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಅಂದ್ರೆ 3600 ಆರ್ಕ್‌ಸೆಕೆಂಡ್; ಇಪ್ಪತ್ತು ವರ್ಷಕ್ಕೆ ಒಂದು ಆರ್ಕ್‌ಮಿನಿಟ್‌ಗಿಂತ ಜಾಸ್ತಿ ಆಯ್ತು. ನಾನು ಮೊದಲ ನಾಲ್ಕು ರಾತ್ರಿ ಹಳೆಯ ನಕ್ಷೆ ಹಿಡಿದುಕೊಂಡು ಪಕ್ಕದ ಯಾವುದೋ ನಕ್ಷತ್ರವನ್ನೇ ನೋಡುತ್ತಿದ್ದೆ. ಖಗೋಳ ವಿಜ್ಞಾನಿ ವಿಲ್ಲೆಮ್ ಲೂಯ್ಟನ್ 1948ರಲ್ಲಿ ಈ ಜೋಡಿಯನ್ನು ಪತ್ತೆ ಮಾಡಿದ್ದೂ ಹೀಗೆ ಬೇಗ ಬೇಗ ಸರಿಯುವ ನಕ್ಷತ್ರಗಳನ್ನು ಹುಡುಕುತ್ತಲೇ. ವರ್ಷಗಳ ಅಂತರದಲ್ಲಿ ತೆಗೆದ ಎರಡು ಫೋಟೋ ಪ್ಲೇಟುಗಳನ್ನು ಹೋಲಿಸಿ ಯಾವ ಚುಕ್ಕಿ ಜಾಗ ಬದಲಿಸಿದೆ ಅಂತ ನೋಡುವ ಕೆಲಸ ಅದು. ಆ ಮನುಷ್ಯನಿಗೆ ಟೆನಿಸ್ ಆಡುವಾಗ ಪೆಟ್ಟು ಬಿದ್ದು ಒಂದು ಕಣ್ಣು ಹೋಗಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಜೀವಮಾನವಿಡೀ ಈ ಕೆಲಸ ಮಾಡಿದರು. ಐಪೀಸಿಗೆ ಕಣ್ಣಿಟ್ಟು ಬೇಜಾರಾದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಈಗ ಚಿಮ್ಮುವ ವಿಷಯ, ಅಂದ್ರೆ ನೀವು ಕೇಳಿದ ಇದ್ದಕ್ಕಿದ್ದಂತೆ ಬೆಳಗುವುದು. 1952ರಲ್ಲಿ ಯುವಿ ಸೀಟಿ ಬರೀ 20 ಸೆಕೆಂಡಿನಲ್ಲಿ 75 ಪಟ್ಟು ಬೆಳಗಿತ್ತು. ಅಂಥದ್ದು ಅಪರೂಪ. ಚಿಕ್ಕವು ಆಗಾಗ ಆಗುತ್ತಿರುತ್ತವೆ, ಆದರೆ ಕಣ್ಣಿಗೆ ಖಚಿತವಾಗಿ ಗೊತ್ತಾಗುವಷ್ಟು ದೊಡ್ಡದಕ್ಕೆ ಕಾಯಬೇಕು. ನಾನು ಎರಡು ಚಳಿಗಾಲದಲ್ಲಿ ಒಟ್ಟು 41 ಗಂಟೆ ಕೂತಿದ್ದೇನೆ. ಖಚಿತವಾಗಿ ಒಂದು ನೋಡಿದೆ, ಅನುಮಾನದ್ದು ಎರಡು. ಆ ಒಂದು ಹೇಗಿತ್ತು ಅಂದ್ರೆ, ಪಕ್ಕದ ಹೋಲಿಕೆ ನಕ್ಷತ್ರದ ಕಡೆ ಕಣ್ಣು ಹಾಯಿಸಿ ವಾಪಸ್ ಬಂದೆ, ಅಷ್ಟರಲ್ಲಿ ಇದು ಅದನ್ನು ಮೀರಿಸಿತ್ತು. ಗಡಿಯಾರ ನೋಡಿದೆ. ಆರು ನಿಮಿಷದಲ್ಲಿ ಮತ್ತೆ ಮೊದಲಿನಂತೆ ಮಂಕಾಯಿತು. ಹೆಂಡತಿಯನ್ನು ಎಬ್ಬಿಸಿ ಕರೆದುಕೊಂಡು ಬರುವಷ್ಟರಲ್ಲಿ ಮುಗಿದೇ ಹೋಗಿತ್ತು.

ಕನ್ನಡಿಗಾಜು:

ರಾತ್ರಿಪಾಳಿಯವರು ಹೇಳಿದ್ದಕ್ಕೆ ಒಂದೇ ತಿದ್ದುಪಡಿ. ಚಿಮ್ಮಿದ್ದು ಯುವಿ ಸೀಟಿಯೇ ಅಂತ ನಮ್ಮ ಟೆಲಿಸ್ಕೋಪಿನಲ್ಲಿ ಹೇಳಲು ಬರುವುದಿಲ್ಲ. ಜೊತೆಯಲ್ಲಿರುವ ಬಿಎಲ್ ಸೀಟಿಯೂ ಚಿಮ್ಮುತ್ತದೆ. ಎರಡೂ ಅಷ್ಟು ಹತ್ತಿರ ಇರುವುದರಿಂದ ನಮಗೆ ಒಂದೇ ಚುಕ್ಕಿ. ನೋಡಿದ್ದನ್ನು ಪುಸ್ತಕದಲ್ಲಿ ಬರೆಯುವಾಗ "ಜೋಡಿ ಬೆಳಗಿತು" ಅಂತ ಬರೆದರೆ ಪ್ರಾಮಾಣಿಕವಾಗಿರುತ್ತದೆ.

ಇವೆರಡೂ ಒಂದನ್ನೊಂದು ಸುತ್ತಲು ಸುಮಾರು 26 ವರ್ಷ ತೆಗೆದುಕೊಳ್ಳುತ್ತವೆ. ದಾರಿ ಬಹಳ ಉದ್ದುದ್ದ. ಹತ್ತಿರ ಬಂದಾಗ ನಡುವಿನ ದೂರ ಭೂಮಿ ಸೂರ್ಯನ ದೂರದ ಎರಡು ಪಟ್ಟು, ದೂರ ಹೋದಾಗ ಒಂಬತ್ತು ಪಟ್ಟಿನ ಹತ್ತಿರ.

ನನಗೆ ತುಂಬಾ ಹಿಡಿಸುವ ಸಂಗತಿ ಬೇರೆಯೇ ಇದೆ. ತೂಕದಲ್ಲಿ, ಗಾತ್ರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಒಟ್ಟಿಗೇ ಹುಟ್ಟಿದವು. ತಮ್ಮ ಸುತ್ತ ತಾವು ತಿರುಗುವುದೂ ಒಂದೇ ರೀತಿ, ಆರು ಗಂಟೆಯೊಳಗೆ ಒಂದು ಸುತ್ತು. ನಮ್ಮ ಸೂರ್ಯನಿಗೆ ಅದಕ್ಕೆ 25 ದಿನ ಬೇಕು! ಇಷ್ಟೆಲ್ಲ ಒಂದೇ ಆಗಿದ್ದರೂ ಕಾಂತಕ್ಷೇತ್ರ ಮಾತ್ರ ಬೇರೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಯುವಿ ಸೀಟಿಯದ್ದು ಅಚ್ಚುಕಟ್ಟಾಗಿ ಉತ್ತರ ದಕ್ಷಿಣ ಧ್ರುವ ಇರುವಂಥ ಬಲವಾದ ಕ್ಷೇತ್ರ, ಬಿಎಲ್ ಸೀಟಿಯದ್ದು ದುರ್ಬಲ ಮತ್ತು ಸಿಕ್ಕುಸಿಕ್ಕು. ಒಂದೇ ಹಿಟ್ಟು ಕಲಸಿ, ಒಂದೇ ಕಾವಲಿಯಲ್ಲಿ ಹೊಯ್ದ ಎರಡು ದೋಸೆ ಬೇರೆ ಬೇರೆ ಥರ ಬಂದಂತೆ. ಯಾಕೆ ಹೀಗೆ ಅನ್ನುವುದು ಇನ್ನೂ ಚರ್ಚೆಯಲ್ಲಿರುವ ವಿಷಯ.

ತೋಟದಾಕಾಶ:

ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಅವಳದು ಇನ್ನೆರಡು ಪ್ರಶ್ನೆ. ಅದು ಯಾಕೆ ಚಿಮ್ಮುತ್ತೆ? ಅಲ್ಲಿ ಗ್ರಹ ಇದ್ದರೆ ಜೀವ ಇರೋಕೆ ಆಗುತ್ತಾ?

ಬೆಳ್ಳಿಚುಕ್ಕಿ:

ಮಗೂ, ಒಲೆ ಮೇಲೆ ಬೇಳೆ ಕುದಿಯುವಾಗ ತಳದ ಬೇಳೆ ಮೇಲೆ ಬರುತ್ತೆ, ಮೇಲಿನದು ತಳಕ್ಕೆ ಹೋಗುತ್ತೆ ಅಲ್ವಾ? ಈ ನಕ್ಷತ್ರ ನಡುಮಧ್ಯದವರೆಗೂ ಹಾಗೆ ಕುದಿಯುತ್ತಿರುತ್ತೆ. ಸೂರ್ಯನಲ್ಲಿ ಹೊರಗಿನ ಭಾಗ ಮಾತ್ರ ಕುದಿಯುತ್ತೆ. ಕುದಿತದ ಜೊತೆಗೆ ಅಷ್ಟು ಜೋರಾಗಿ ತಿರುಗುವುದೂ ಸೇರಿ ಬಲವಾದ ಕಾಂತಕ್ಷೇತ್ರ ಹುಟ್ಟುತ್ತೆ. ಆ ಕಾಂತರೇಖೆಗಳು ಹಗ್ಗದಂತೆ ಹುರಿಗೊಂಡು ಹುರಿಗೊಂಡು ಒಮ್ಮೆಲೇ ಕಡಿದು ಬೇರೆ ಥರ ಜೋಡಿಕೊಳ್ಳುತ್ತವೆ. ಆಗ ಬಿಡುಗಡೆಯಾದ ಶಕ್ತಿ ನಕ್ಷತ್ರದ ಮೈಯನ್ನು ಕಾಯಿಸಿ ಬೆಳಗಿಸುತ್ತೆ. ಸೂರ್ಯನಲ್ಲೂ ಇದು ಆಗುತ್ತೆ. ಆದರೆ ಸೂರ್ಯನೇ ಅಷ್ಟು ಪ್ರಕಾಶ ಇರುವುದರಿಂದ ನಮಗೆ ಎದ್ದು ಕಾಣಲ್ಲ. ಮಂಕು ದೀಪದ ಪಕ್ಕ ಪಟಾಕಿ ಹಚ್ಚಿದರೆ ಗೊತ್ತಾಗುತ್ತೆ, ನಡುಹಗಲಲ್ಲಿ ಹಚ್ಚಿದರೆ ಅಷ್ಟು ಗೊತ್ತಾಗಲ್ಲ.

ಗ್ರಹದ ವಿಷಯ: 2024ರಲ್ಲಿ ಚಿಲಿ ದೇಶದಲ್ಲಿರುವ ವಿಎಲ್‌ಟಿಯ ನಾಲ್ಕು ದೊಡ್ಡ ದೂರದರ್ಶಕಗಳನ್ನು ಒಂದುಗೂಡಿಸುವ ಗ್ರಾವಿಟಿ ಉಪಕರಣದಿಂದ ಈ ಜೋಡಿಯ ಓಡಾಟದಲ್ಲಿ ಸಣ್ಣ ಅಲುಗಾಟ ಕಂಡಿದೆ. ಅದು ನೆಪ್ಚೂನ್ ತೂಕದ ವರ್ಗದ ಒಂದು ಗ್ರಹದಿಂದ ಇರಬಹುದು ಅಂತ ಹೇಳಿದ್ದಾರೆ. ಇನ್ನೂ ಖಚಿತವಾಗಬೇಕು. ಅಷ್ಟು ದೊಡ್ಡ ಗ್ರಹದ ಮೇಲೆ ನಿಲ್ಲಲು ನೆಲವೇ ಇರಲಿಕ್ಕಿಲ್ಲ. ಜೊತೆಗೆ ಆಗಾಗ ಎಕ್ಸ್‌ರೇ, ನೇರಳಾತೀತ ಕಿರಣಗಳ ಹೊಡೆತ ಬೇರೆ. ನನ್ನ ಅಭಿಪ್ರಾಯ ಕೇಳಿದರೆ ಜೀವಕ್ಕೆ ಅದು ಕಷ್ಟದ ಜಾಗ.

ರಾತ್ರಿಪಾಳಿ:

ಸರ್, ನೋಡಲು ಕೂತಾಗ ಒಂದು ಮಾತ್ರ ಮಾಡಿ. ಎರಡು ನಿಮಿಷಕ್ಕೊಮ್ಮೆ ಹೋಲಿಕೆ ನಕ್ಷತ್ರದ ಜೊತೆ ನೋಡಿ ಕಾಂತಿಮಾನ ಬರೆಯಿರಿ, ಏನೂ ಆಗದಿದ್ದರೂ ಬರೆಯಿರಿ. ಸುಮ್ಮನೆ ಕಳೆದ ರಾತ್ರಿಯ ಲೆಕ್ಕ ಇಲ್ಲದಿದ್ದರೆ ಎಷ್ಟು ಗಂಟೆಗೆ ಒಂದು ಸಲ ಚಿಮ್ಮುತ್ತೆ ಅಂತ ಹೇಳಲು ಆಗುವುದೇ ಇಲ್ಲ. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದಲ್ಲಿ ಖಗೋಳ ವಿಜ್ಞಾನಿ ಬರ್ನಾರ್ಡ್ ಲವೆಲ್ 1958ರಿಂದ ತಮ್ಮ ದೊಡ್ಡ ರೇಡಿಯೋ ದೂರದರ್ಶಕವನ್ನು ಇಂಥ ನಕ್ಷತ್ರಗಳ ಕಡೆ ತಿರುಗಿಸಿ ನೂರಾರು ಗಂಟೆ ಕಾದರು. ಬೆಳಕಿನಲ್ಲಿ ನೋಡುವವರು ಬೇರೆ ಕಡೆ ಅದೇ ಹೊತ್ತಿಗೆ ಕಾಯುತ್ತಿದ್ದರು. ಇಬ್ಬರಿಗೂ ಒಂದೇ ಸಮಯಕ್ಕೆ ಕಂಡಾಗಲೇ ನಂಬಿದ್ದು.

ನಾವೂ ಹಾಗೆ ಮಾಡೋಣವೇ? ಬರುವ ಅಮಾವಾಸ್ಯೆ ರಾತ್ರಿ ಎಂಟೂವರೆಯಿಂದ ಹತ್ತೂವರೆವರೆಗೆ ನೀವು ಹಿರಿಯೂರಿನಲ್ಲಿ, ನಾನು ಸಾಗರದಲ್ಲಿ. ಮೊಬೈಲ್ ಗಡಿಯಾರ ಸರಿ ಮಾಡಿಕೊಂಡು, ಮುಗಿಯುವವರೆಗೆ ಒಬ್ಬರಿಗೊಬ್ಬರು ಏನೂ ಹೇಳದೆ ಬರೆಯೋಣ.

ತೋಟದಾಕಾಶ:

ಆಗಲಿ ಸರ್, ಖಂಡಿತ. ಬರೆಯುವ ಕೆಲಸ ತನ್ನದೇ ಅಂತ ಮಗಳು ಆಗಲೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದಾಳೆ. ಆ ಹೊತ್ತಿಗೆ ಪೂರ್ವದಲ್ಲಿ ಲುಬ್ಧಕವೂ ಎದ್ದಿರುತ್ತದೆ, ಎರಡನ್ನೂ ಒಂದೇ ರಾತ್ರಿ ತೋರಿಸುತ್ತೇನೆ. ಮೋಡ ಬಂದರೆ ಮೆಸೇಜ್ ಮಾಡುತ್ತೇನೆ.